ಸ್ನೋಮೊಬೈಲ್ ಟ್ರ್ಯಾಕಿನ ಬಿಗಿತ ಅಳೆಯುವ ಗೇಜ್: ಎರಡು ಚಳಿಗಾಲ ಬಳಸಿ ನೋಡಿದ ಮೇಲೆ

ಹಿಮದ ಮೇಲೆ ಓಡುವ ಸ್ನೋಮೊಬೈಲಿನ ಟ್ರ್ಯಾಕನ್ನು, ಅಂದರೆ ಗಾಡಿಯಡಿ ಸುತ್ತುತ್ತಾ ಅದನ್ನು ಮುಂದಕ್ಕೊಯ್ಯುವ ಅಗಲವಾದ ರಬ್ಬರ್ ಪಟ್ಟಿಯನ್ನು, ಬಿಗಿ ಮಾಡುವ ವಿಷಯದಲ್ಲಿ ನಾನು ಬಹುಕಾಲ ಕೈಯಂದಾಜನ್ನೇ ನಂಬಿದವನು. ಗಾಡಿಯ ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿ ನಿಲ್ಲಿಸುವುದು, ನೆಲದ ಕಡೆಗಿರುವ ಟ್ರ್ಯಾಕನ್ನು ನಾಲ್ಕು ಬೆರಳಿನಿಂದ ಹಿಡಿದು ಒಮ್ಮೆ ಕೆಳಗೆಳೆಯುವುದು, ಅದು ಜೋಲುವ ಪರಿಯನ್ನು ನೋಡಿ ‘ಸರಿಯಾಗಿದೆ’ ಅಥವಾ ‘ಇನ್ನರ್ಧ ಸುತ್ತು ಬೇಕು’ ಎಂದು ತೀರ್ಪು ಕೊಡುವುದು, ಇಷ್ಟೇ ನನ್ನ ಪದ್ಧತಿಯಾಗಿತ್ತು. ಒಂದು ದಿನ ಗೆಳೆಯರೊಬ್ಬರೂ ನಾನೂ ಒಂದೇ ಗಾಡಿಯ ಒಂದೇ ಟ್ರ್ಯಾಕನ್ನು ಒಬ್ಬರಾದ ಮೇಲೆ ಒಬ್ಬರು ಎಳೆದು ನೋಡಿದೆವು. ಅವರು ಸಡಿಲವೆಂದರು, ನಾನು ಬಿಗಿಯೆಂದೆ; ಇಬ್ಬರಿಗೂ ತಮ್ಮ ಕೈಯ ಮೇಲೆ ಸಂಶಯವಿರಲಿಲ್ಲ. ಆ ವಾದ ಬಗೆಹರಿಯದೆ ಉಳಿದದ್ದರಿಂದಲೇ ನಾನು ಈ ಗೇಜನ್ನು ಕೊಂಡೆ. ಈಗ ಎರಡು ಚಳಿಗಾಲ ಕಳೆದಿವೆ, ಎರಡು ಗಾಡಿಗಳ ಮೇಲೆ ಇದನ್ನು ಬಳಸಿದ್ದೇನೆ: ಒಂದು 137 ಇಂಚಿನ ಟ್ರ್ಯಾಕಿನದು, ಹದಗೊಳಿಸಿದ ಹಿಮದ ಹಾದಿಯಲ್ಲಿ ಓಡುವಂಥದ್ದು, ಇನ್ನೊಂದು 154 ಇಂಚಿನದು, ಆಳವಾದ ಹಿಮದಲ್ಲಿ ಬೆಟ್ಟ ಹತ್ತುವುದಕ್ಕಾಗಿ ಇರುವುದು. ಇದು ಕೊಳ್ಳಲು ಯೋಗ್ಯವಾದ ಉಪಕರಣವೆಂಬುದೇ ನನ್ನ ಅಭಿಪ್ರಾಯ, ಆದರೆ ಅದರ ಪೆಟ್ಟಿಗೆಯ ಮೇಲೆ ಮುದ್ರಿಸಿರುವ ಕಾರಣಕ್ಕಾಗಿ ಅಲ್ಲ. ಒಂದೇ ನಿಮಿಷದಲ್ಲಿ ಕರಾರುವಾಕ್ಕಾದ ಬಿಗಿತ ಸಿಗುತ್ತದೆ ಎಂದು ಪೆಟ್ಟಿಗೆ ಹೇಳುತ್ತದೆ. ನಿಜವಾಗಿ ಈ ಗೇಜ್ ಮಾಡುವುದು ಒಂದೇ ಕೆಲಸ: ಟ್ರ್ಯಾಕಿನ ಮೇಲೆ ಬೀಳುವ ಬಲ ಎಷ್ಟೆಂಬುದನ್ನು ಅಂದಾಜಿನಿಂದ ಬಿಡಿಸಿ ಅಂಕಿಯಾಗಿ ತೋರಿಸುವುದು. ಉಳಿದದ್ದೆಲ್ಲವೂ ಮೊದಲಿನಂತೆ ಗಾಡಿಯ ಯಜಮಾನನ ಹೊಣೆಯೇ.

ನೋಡಲು ಇದು ದಪ್ಪ ಪೆನ್ನಿನಂತಿದೆ. ಕೆಳಗೆ ಒಂದು ಕೊಳವೆ, ಅದರೊಳಗೆ ಒಂದು ಸ್ಪ್ರಿಂಗ್, ಮೇಲಿನಿಂದ ಒಳಕ್ಕೆ ಜಾರುವ ಒಂದು ಕಡ್ಡಿ. ಕೊಳವೆಯ ಹೊರಮೈಯಲ್ಲಿ ಮಿಲಿಮೀಟರ್ ಹಾಗೂ ಇಂಚಿನ ಗೆರೆಗಳಿವೆ, ಒಳಜಾರುವ ಕಡ್ಡಿಯ ಮೇಲೆ ಕಿಲೋ ಹಾಗೂ ಪೌಂಡಿನ ಗೆರೆಗಳಿವೆ. ಎರಡರ ಮೇಲೂ ಒಂದೊಂದು ರಬ್ಬರ್ ಉಂಗುರ. ಕೆಳಗಿನ ಉಂಗುರವನ್ನು, ಟ್ರ್ಯಾಕ್ ಎಷ್ಟು ಮಿಲಿಮೀಟರ್ ಜೋಲಬೇಕೋ ಅಲ್ಲಿಗೆ ಸರಿಸಿಡಬೇಕು, ಮೇಲಿನದನ್ನು ಸೊನ್ನೆಯಲ್ಲಿಡಬೇಕು. ಬಳಿಕ ಕೊಳವೆಯ ತುದಿಯನ್ನು ಟ್ರ್ಯಾಕಿನ ಒಳಮೈ ಮೇಲೆ, ರೈಲಿನ (ಟ್ರ್ಯಾಕಿನೊಳಗೆ ಉದ್ದಕ್ಕೂ ಇರುವ ಲೋಹದ ಹಳಿಯ) ಪಕ್ಕದಲ್ಲಿ ನೆಟ್ಟಗೆ ನಿಲ್ಲಿಸಿ, ಕೆಳಗಿನ ಉಂಗುರವು ಆ ರೈಲಿನ ತಳದ ಪಟ್ಟಿಯಾದ ಸ್ಲೈಡರಿನ ತಳದ ಅಂಚಿಗೆ ಸಮನಾಗುವವರೆಗೆ ಮೇಲಿನಿಂದ ಒತ್ತಬೇಕು. ಒತ್ತಿದಂತೆ ಕಡ್ಡಿಯು ಒಳಗೆ ಇಳಿಯುತ್ತದೆ, ಕೊಳವೆಯ ಬಾಯಿ ಮೇಲಿನ ಉಂಗುರವನ್ನು ತಳ್ಳುತ್ತಾ ಹೋಗುತ್ತದೆ. ಕೈ ತೆಗೆದ ಮೇಲೂ ಆ ಉಂಗುರ ತಾನು ತಲುಪಿದಲ್ಲೇ ನಿಲ್ಲುವುದರಿಂದ, ಗೇಜನ್ನು ಹೊರತೆಗೆದು ಬೆಳಕಿಗೆ ಹಿಡಿದು ನಿಧಾನವಾಗಿ ಅಂಕಿ ಓದಬಹುದು. ಕಾರ್ಖಾನೆಗಳಲ್ಲಿ ಮೋಟಾರಿನ ಬೆಲ್ಟ್ ಬಿಗಿ ನೋಡಲು ಬಳಸುವ ಗೇಜಿನದೂ ಇದೇ ತತ್ತ್ವ. ಸ್ಕೀ-ಡೂ ಗಾಡಿಗಳ ಕೈಪಿಡಿಗಳಲ್ಲಿಯೂ ಎರಡು ಉಂಗುರದ ಇಂಥದೇ ಉಪಕರಣದ ಚಿತ್ರವನ್ನು ಕಾಣಬಹುದು. ಹೊಸ ಆವಿಷ್ಕಾರವೇನೂ ಇದರಲ್ಲಿಲ್ಲ, ಇರಬೇಕಾಗಿಯೂ ಇಲ್ಲ.

ಇಷ್ಟು ಸಣ್ಣ ವಸ್ತುವಿಗೆ ದುಡ್ಡು ಸುರಿಯುವ ಅಗತ್ಯವಾದರೂ ಏನು ಎಂದು ಕೇಳುವವರಿಗೆ, ಬಿಗಿತ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸೈಕಲ್ ಚೈನ್ ಸಡಿಲವಾದರೆ ಹಲ್ಲು ಬಿಟ್ಟು ಜಾರುತ್ತದೆಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಸ್ನೋಮೊಬೈಲಿನಲ್ಲಿಯೂ ಮುಂದುಗಡೆ, ಸುರಂಗದಂತಿರುವ ಚಾಸಿಯ ಒಳಗೆ, ಹಲ್ಲಿನ ಚಕ್ರಗಳಿರುವ ಒಂದು ಡ್ರೈವ್ ಆಕ್ಸಲ್ ಇದೆ. ಆ ಹಲ್ಲುಗಳು ಟ್ರ್ಯಾಕಿನ ಒಳಮೈಯಲ್ಲಿ ಸಾಲಾಗಿ ಎದ್ದಿರುವ ರಬ್ಬರ್ ಗುಬುಟುಗಳಿಗೋ ಟ್ರ್ಯಾಕಿನ ಕಿಂಡಿಗಳಿಗೋ ಸಿಕ್ಕಿ ಅದನ್ನು ಎಳೆಯುತ್ತವೆ. ಜೋಸೆಫ್-ಆರ್ಮಾಂ ಬೊಂಬಾರ್ಡಿಯೇ 1937ರಲ್ಲಿ ಪೇಟೆಂಟ್ ಪಡೆದದ್ದು ಇಂಥ ಹಲ್ಲಿನ ಚಕ್ರ ಮತ್ತು ಟ್ರ್ಯಾಕಿನ ಜೋಡಣೆಗೇ. ಅವರ ಕಂಪನಿ 1959ರಲ್ಲಿ ಹೊರತಂದ ಸ್ಕೀ-ಡೂ ಅದನ್ನು ಒಬ್ಬಿಬ್ಬರು ಕೂರುವ ಹಗುರ ಗಾಡಿಗೆ ತಂದಿತು. ಟ್ರ್ಯಾಕ್ ಸಡಿಲವಾಗಿದ್ದಾಗ ಥಟ್ಟನೆ ಥ್ರಾಟಲ್ ಕೊಟ್ಟರೆ, ಅದಕ್ಕಿಂತ ಹೆಚ್ಚಾಗಿ ಜೋರಾಗಿ ಬ್ರೇಕ್ ಹಿಡಿದರೆ, ಹಲ್ಲು ಗುಬುಟಿನ ಮೇಲೆ ಹತ್ತಿ ಮುಂದಿನದಕ್ಕೆ ಬೀಳುತ್ತದೆ. ಕಾಲಡಿಯಲ್ಲಿ ಯಾರೋ ಸುತ್ತಿಗೆಯಿಂದ ಹೊಡೆದಂತೆ ಟಕಟಕ ಸದ್ದು ಬರುತ್ತದೆ. ಅದನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಒಂದೆರಡು ಸಲವಾದರೆ ಟ್ರ್ಯಾಕ್ ಸಹಿಸಿಕೊಂಡೀತು; ದಿನವೂ ಹೀಗಾದರೆ ಗುಬುಟುಗಳು ಕೊರೆದು ಹರಿದು ಟ್ರ್ಯಾಕೇ ಹಾಳಾಗುತ್ತದೆ. ವೇಗ ಹೆಚ್ಚಿದಾಗ ಸಡಿಲ ಟ್ರ್ಯಾಕ್ ಕೇಂದ್ರಾಪಗಾಮಿ ಬಲದಿಂದ ಹೊರಕ್ಕೆ ಉಬ್ಬಿ ಸುರಂಗದ ಒಳಛಾವಣಿಗೆ ಬಡಿಯುವುದೂ ಉಂಟು. ಮಂಜುಗಡ್ಡೆಯ ಮೇಲೆ ಹಿಡಿತಕ್ಕಾಗಿ ಲೋಹದ ಮೊಳೆಗಳನ್ನು ಹಾಕಿಸಿದ ಟ್ರ್ಯಾಕಾದರೆ, ಆ ಛಾವಣಿಯಲ್ಲಿರುವ ಕೂಲಂಟ್ ಹರಿಯುವ ಕೊಳವೆಗಳಿಗೇ ಏಟು ಬೀಳಬಹುದು.

ಬಿಗಿಯಾದದ್ದರ ಕಷ್ಟ ಬೇರೆ ಬಗೆಯದು. ಅದು ಸದ್ದು ಮಾಡುವುದಿಲ್ಲ. ಅತಿಯಾಗಿ ಬಿಗಿದ ಟ್ರ್ಯಾಕ್ ಡ್ರೈವ್ ಆಕ್ಸಲಿನ ಬೇರಿಂಗುಗಳನ್ನೂ ಹಿಂದಿನ ಚಕ್ರಗಳ ಬೇರಿಂಗುಗಳನ್ನೂ ಒಂದೇ ಸಮನೆ ಜಗ್ಗುತ್ತಿರುತ್ತದೆ, ಎಂಜಿನ್ನಿನ ಶಕ್ತಿಯ ಒಂದು ಪಾಲು ಟ್ರ್ಯಾಕನ್ನು ಸುಮ್ಮನೆ ಬಾಗಿಸುವುದರಲ್ಲಿಯೇ ಕಳೆದುಹೋಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಎಲ್ಲಕ್ಕಿಂತ ಮೊದಲು ಪೆಟ್ಟು ತಿನ್ನುವುದು ಸ್ಲೈಡರ್, ಅಂದರೆ ಸವಾರರು ಹೈಫ್ಯಾಕ್ಸ್ ಎಂದು ಕರೆಯುವ, ರೈಲಿನ ತಳಕ್ಕೆ ತೊಡಿಸಿರುವ ಪ್ಲಾಸ್ಟಿಕ್ ಪಟ್ಟಿ. ಟ್ರ್ಯಾಕಿನ ಉಕ್ಕಿನ ಕ್ಲಿಪ್ಪುಗಳು ಇದರ ಮೇಲೆ ಉಜ್ಜುತ್ತಾ ಓಡುತ್ತವೆ. ಹಿಮ ಚಿಮ್ಮಿ ಒಳಬರುತ್ತಿರುವಾಗ ಆ ಹಿಮವೇ ತಂಪೂ ಜಾರುವಿಕೆಯೂ ಆಗಿ ಕೆಲಸ ಮಾಡುತ್ತದೆ. ಹಾದಿ ಗಟ್ಟಿ ಮಂಜುಗಡ್ಡೆಯಾಗಿದ್ದು ಹಿಮ ಚಿಮ್ಮದಿದ್ದರೆ, ಅದರ ಮೇಲೆ ಟ್ರ್ಯಾಕೂ ಬಿಗಿಯಾಗಿದ್ದರೆ, ಸುಮಾರು 130 ಡಿಗ್ರಿ ಸೆಲ್ಸಿಯಸ್ಸಿಗೆ ಕರಗುವ ಆ ಪ್ಲಾಸ್ಟಿಕ್ಕು ಮೆತ್ತಗಾಗಿ ಕ್ಲಿಪ್ಪುಗಳಿಗೆ ಮೆತ್ತಿಕೊಳ್ಳುತ್ತದೆ. ಸಡಿಲವಾದದ್ದನ್ನು ಕಿವಿಯೇ ಹೇಳಿಕೊಡುವುದರಿಂದ ಹೆಚ್ಚಿನವರು ಸಡಿಲಕ್ಕೆ ಹೆದರಿ, ಇರಲಿ ಎಂದು ಒಂದು ಸುತ್ತು ಹೆಚ್ಚಾಗಿಯೇ ಬಿಗಿಯುತ್ತಾರೆ. ಅಂಥವರ ಸಾಲಿನಲ್ಲಿ ನಾನೂ ಇದ್ದೆನೆಂಬುದು ಗೇಜ್ ಇಟ್ಟ ಮೊದಲ ದಿನವೇ ತಿಳಿಯಿತು. ಹಿಂದಿನ ಋತುವಿನಲ್ಲಿ ಸ್ಲೈಡರ್ ಅಷ್ಟು ಬೇಗ ಸವೆದದ್ದಕ್ಕೆ ನಾನು ಪ್ಲಾಸ್ಟಿಕ್ಕಿನ ಗುಣಮಟ್ಟವನ್ನು ದೂರಿದ್ದೆ.

ಇಲ್ಲಿ ಒಂದು ಲೆಕ್ಕವನ್ನು ಹೇಳಿದರೆ ಗೇಜಿನ ಬೆಲೆ ಇನ್ನಷ್ಟು ಸ್ಪಷ್ಟವಾದೀತು. ಎರಡು ಆಧಾರಗಳ ನಡುವೆ ಎಳೆದು ಕಟ್ಟಿದ ಪಟ್ಟಿಯ ಮಧ್ಯದಲ್ಲಿ ಒತ್ತಿದಾಗ, ಒತ್ತಿದ ಬಲವನ್ನು ಆಧಾರಗಳ ನಡುವಿನ ಅಂತರದಿಂದ ಗುಣಿಸಿ, ಜೋಲಿದ ಅಳತೆಯ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಪಟ್ಟಿಯೊಳಗಿನ ಎಳೆತ ಸುಮಾರಾಗಿ ಸಿಗುತ್ತದೆ. ಟ್ರ್ಯಾಕಿನ ಸ್ವಂತ ತೂಕವನ್ನೂ ಅದರ ಗಡಸುತನವನ್ನೂ ಬದಿಗಿಟ್ಟು ನೋಡಿದರೆ, ಒಂದು ಮೀಟರ್ ಅಂತರದಲ್ಲಿ 7.3 ಕಿಲೋ ಬಲಕ್ಕೆ 32 ಮಿಲಿಮೀಟರ್ ಜೋಲುವ ಪಟ್ಟಿಯೊಳಗೆ ಸುಮಾರು 57 ಕಿಲೋ ಎಳೆತವಿರುತ್ತದೆ. ಅದೇ ಬಲಕ್ಕೆ 16 ಮಿಲಿಮೀಟರ್ ಮಾತ್ರ ಜೋಲಿದರೆ ಎಳೆತ ಎರಡು ಪಟ್ಟಾಗಿ 114ಕ್ಕೆ ಏರಿತೆಂದೇ ಅರ್ಥ. ಕಣ್ಣಿಗೆ ವ್ಯತ್ಯಾಸ ಒಂದು ಬೆರಳಿನ ದಪ್ಪದಷ್ಟು; ಬೇರಿಂಗಿಗೆ ಮಾತ್ರ ಇಮ್ಮಡಿ ಹೊರೆ. ಕೈಯಲ್ಲಿ ಎಳೆದು ನೋಡುವವನಿಗೆ ಜೋಲಿದ ಅಳತೆಯಾದರೂ ಕಾಣುತ್ತದೆ, ತಾನು ಎಷ್ಟು ಬಲದಿಂದ ಎಳೆದೆನೆಂಬುದು ತಿಳಿಯುವುದೇ ಇಲ್ಲ. ನನ್ನ ಗೆಳೆಯರೂ ನಾನೂ ಜಗಳವಾಡಿದ್ದು ಆ ತಿಳಿಯದ ಅರ್ಧದ ಬಗ್ಗೆ.

ತಯಾರಕರು ಎರಡು ಅಂಕಿಗಳನ್ನೂ ಒಟ್ಟಿಗೆ ಕೊಡುವುದು ಇದೇ ಕಾರಣಕ್ಕೆ. ಸ್ಕೀ-ಡೂದ ಹಲವು ಮಾದರಿಗಳಿಗೆ 7.3 ಕಿಲೋ, ಅಂದರೆ 16 ಪೌಂಡ್ ಬಲಕ್ಕೆ 30ರಿಂದ 35 ಮಿಲಿಮೀಟರ್ ಜೋಲು ಎಂದಿರುತ್ತದೆ. ಪೋಲಾರಿಸ್ ಕಂಪನಿಯ ಕೈಪಿಡಿಗಳು ಹಿಂದಿನ ಚಕ್ರದ ನಡುವಿನಿಂದ 16 ಇಂಚು ಮುಂದಕ್ಕೆ ಟ್ರ್ಯಾಕಿಗೆ 10 ಪೌಂಡಿನ ತೂಕ ಕೊಟ್ಟು ಅಲ್ಲಿ ಅಳೆಯಲು ಹೇಳುತ್ತವೆ. ಯಮಾಹಾ ಗಾಡಿಗಳ ಕೈಪಿಡಿಗಳು 10 ಕಿಲೋ ಬಲವನ್ನು ಲೆಕ್ಕಕ್ಕೆ ಹಿಡಿಯುತ್ತವೆ. ಒಂದೇ ಕಂಪನಿಯಲ್ಲಿಯೂ ಮಾದರಿ ಬದಲಾದರೆ ಅಂಕಿ ಬದಲಾಗುತ್ತದೆ. ಆದುದರಿಂದ ಒಬ್ಬರ ಗಾಡಿಯ ಮಿಲಿಮೀಟರನ್ನು ಇನ್ನೊಬ್ಬರ ಗಾಡಿಯ ಕಿಲೋಗೆ ಜೋಡಿಸಿ ಬಿಗಿಯುವುದು ಅಳೆಯದೇ ಬಿಡುವುದಕ್ಕಿಂತ ಕೆಟ್ಟದ್ದು; ಅಳೆದಿದ್ದೇನೆಂಬ ಧೈರ್ಯವೂ ಅದಕ್ಕೆ ಸೇರಿಕೊಂಡಿರುತ್ತದೆ. ಗೇಜಿನ ಜೊತೆ ಬಂದ ಕಾಗದದಲ್ಲಿ ‘ಎಲ್ಲ ಗಾಡಿಗಳಿಗೂ’ ಎಂದು ಒಂದೇ ಅಂಕಿಯನ್ನು ಮುದ್ರಿಸಿದ್ದಾರೆ. ಇದು ಈ ಉಪಕರಣದ ಬಗ್ಗೆ ನನಗಿರುವ ಅತಿ ದೊಡ್ಡ ದೂರು. ಆ ಕಾಗದವನ್ನು ಹರಿದೆಸೆದು, ಗಾಡಿಯ ಕೈಪಿಡಿಯ ಆ ಪುಟದ ಪ್ರತಿಯೊಂದನ್ನು ಪೆಟ್ಟಿಗೆಯಲ್ಲಿಟ್ಟುಕೊಳ್ಳುವುದು ಮೇಲು.

ಅದೇ ಕಾಗದ ಹೇಳದೆ ಬಿಟ್ಟಿರುವ ಮಾತುಗಳೂ ಕಡಿಮೆಯೇನಿಲ್ಲ. ಹಿಂಭಾಗವನ್ನು ನೆಲದಿಂದ ಎತ್ತಿ, ಸಸ್ಪೆನ್ಷನ್ ತನ್ನ ಪೂರ್ಣ ಉದ್ದಕ್ಕೆ ಇಳಿದು ಜೋತಾಡುವಂತೆ ಮಾಡಿ ಆಮೇಲೆ ಅಳೆಯಬೇಕೆಂಬುದು ಅದರಲ್ಲಿಲ್ಲ. ಗಾಡಿ ನೆಲದ ಮೇಲಿದ್ದಾಗ ಟ್ರ್ಯಾಕಿನ ಕೆಳಭಾಗ ರೈಲಿಗೆ ಒತ್ತಿಕೊಂಡಿರುತ್ತದೆ, ಆಗ ಗೇಜ್ ಇಡುವುದಕ್ಕೇ ಅರ್ಥವಿಲ್ಲ. ಅಳೆಯುವ ಮುನ್ನ ಎಂಜಿನ್ ಆರಿಸಿ, ಸವಾರ ಬಿದ್ದರೆ ಎಂಜಿನ್ ನಿಲ್ಲಿಸುವ ಸುರಕ್ಷತಾ ಹಗ್ಗವನ್ನು ಕಿತ್ತಿಟ್ಟು, ಟ್ರ್ಯಾಕಿನ ಒಳಗೆ, ಚಕ್ರಗಳ ಸಂದಿನಲ್ಲಿ, ರೈಲಿನ ಮೇಲೆ ಕಟ್ಟಿಕೊಂಡಿರುವ ಹಿಮವನ್ನೂ ಮಂಜುಗಡ್ಡೆಯನ್ನೂ ಕೆರೆದು ತೆಗೆಯಬೇಕು. ಇದನ್ನು ನಾನು ಕಲಿತದ್ದು ತಪ್ಪು ಮಾಡಿಯೇ. ಒಂದು ಸಂಜೆ ಓಡಿಸಿ ಬಂದು ಗಾಡಿಯನ್ನು ಹೊರಗೇ ಬಿಟ್ಟಿದ್ದೆ. ಮಾರನೆಯ ಬೆಳಗ್ಗೆ ಗೇಜ್ ಇಟ್ಟರೆ ಅಂಕಿ ಬೇಕಾದದ್ದಕ್ಕಿಂತ ಬಹಳ ಮೇಲಿತ್ತು. ರಾತ್ರಿಯಿಡೀ ಟ್ರ್ಯಾಕ್ ತಾನಾಗಿ ಬಿಗಿದುಕೊಂಡಿತೇ ಎಂದು ಬೆರಗಾಗಿ, ಅದನ್ನು ಸಡಿಲಿಸಿಯೂಬಿಟ್ಟೆ. ಹತ್ತು ನಿಮಿಷ ಓಡುವಷ್ಟರಲ್ಲಿ ಹಲ್ಲು ಜಾರುವ ಆ ಟಕಟಕ ಸದ್ದು ಕೇಳಿಸಿತು. ಹಿಂದಿನ ಚಕ್ರಗಳ ಸುತ್ತ ಗಟ್ಟಿಯಾಗಿದ್ದ ಮಂಜು ಟ್ರ್ಯಾಕನ್ನು ಒಳಗಿನಿಂದ ದೂಡಿ ಹಿಡಿದಿತ್ತು, ಚಳಿಗೆ ಸೆಟೆದ ರಬ್ಬರ್ ಕೂಡ ಬಾಗಲು ಒಪ್ಪದೆ ಅಂಕಿಯನ್ನು ಏರಿಸಿತ್ತು. ಗೇಜ್ ತನ್ನ ಮೇಲೆ ಬಿದ್ದ ಬಲವನ್ನು ಪ್ರಾಮಾಣಿಕವಾಗಿಯೇ ತೋರಿಸಿತ್ತು. ಆ ಬಲ ಯಾವುದರದೆಂದು ಕೇಳದಿದ್ದವನು ನಾನು. ಹಿಮದ ಮೇಲೆ 15ರಿಂದ 20 ನಿಮಿಷ ಓಡಿಸಿ, ಟ್ರ್ಯಾಕ್ ಮೆದುವಾದ ಮೇಲೆ ಅಳೆಯಿರಿ ಎಂದು ಕೈಪಿಡಿಗಳು ಹೇಳುವುದು ಇದಕ್ಕಾಗಿಯೇ.

ಬೇರೆ ಸಾಧನಗಳ ಜೊತೆ ಹೋಲಿಸುವ ಮಾತಿಗೆ ಬರುತ್ತೇನೆ. ಮೊದಲಿಗೆ ನಾನು ಸಾಮಾನುಗಳ ತೂಕ ನೋಡುವ ಕೊಕ್ಕೆಯ ಸ್ಪ್ರಿಂಗ್ ತಕ್ಕಡಿಯನ್ನು ಪ್ರಯತ್ನಿಸಿದೆ. ಕೊಕ್ಕೆಯನ್ನು ಟ್ರ್ಯಾಕಿನ ಕಿಂಡಿಗೆ ಸಿಕ್ಕಿಸಿ ಕೆಳಗೆಳೆದು, ಬೇಕಾದ ಕಿಲೋ ಬಂದಾಗ ರೈಲಿಗೂ ಟ್ರ್ಯಾಕಿಗೂ ನಡುವಿನ ಅಂತರವನ್ನು ಅಳತೆಪಟ್ಟಿಯಿಂದ ನೋಡುವುದು ಅದರ ಕ್ರಮ. ತತ್ತ್ವದಲ್ಲಿ ಇದರಲ್ಲಿ ತಪ್ಪೇನೂ ಇಲ್ಲ, ಇದನ್ನೇ ಹೇಳುವ ಕೈಪಿಡಿಗಳೂ ಇವೆ. ಆದರೆ ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಅಳತೆಪಟ್ಟಿ, ಮೊಣಕಾಲು ಹಿಮದಲ್ಲಿ, ಕಣ್ಣು ಎರಡು ಕಡೆ. ಹೀಗಿರುವಾಗ ಎಳೆತವನ್ನು ಅಲುಗದಂತೆ ಹಿಡಿಯಲು ಮೂರನೆಯ ಕೈ ಬೇಕಾಗುತ್ತದೆ. ಅಳೆದಿಟ್ಟ ತೂಕವೊಂದನ್ನು ತೂಗುಹಾಕುವುದು ಇದಕ್ಕಿಂತ ಒಳ್ಳೆಯದು, ತೂಕಕ್ಕೆ ಕೈ ನಡುಗುವುದಿಲ್ಲ. ಶೆಡ್ಡಿನಲ್ಲಿಯೇ ಕೆಲಸ ಮಾಡುವವರಿಗೆ, ಒಂದೇ ಗಾಡಿ ಇರುವವರಿಗೆ, ನಾನು ನಿಸ್ಸಂಕೋಚವಾಗಿ ತೂಕವನ್ನೇ ಹೇಳುತ್ತೇನೆ. ಹಾದಿಯ ನಡುವೆ ಅಳೆಯಬೇಕಾದವರು ಮಾತ್ರ ಏಳು ಕಿಲೋ ಕಬ್ಬಿಣ ಹೊತ್ತು ಹೋಗಲಾರರು. ಗೇಜ್ ಜೇಬಿನಲ್ಲಿ ಹಿಡಿಯುತ್ತದೆ, ಒಂದೇ ಕೈಯಲ್ಲಿ ಕೆಲಸ ಮುಗಿಯುತ್ತದೆ, ಅಂಕಿಯನ್ನು ಉಂಗುರ ನೆನಪಿಟ್ಟುಕೊಳ್ಳುತ್ತದೆ. ಈ ಮೂರನೆಯ ಗುಣಕ್ಕಾಗಿಯೇ ನಾನು ಇದನ್ನು ಇಷ್ಟಪಟ್ಟೆ. ಟ್ರ್ಯಾಕಿನ ಒಳಗಡೆ ತಲೆ ತೂರಿಸಿ ಅಂಕಿ ಓದುವ ಅಗತ್ಯವಿಲ್ಲ, ಉಂಗುರವು ಸ್ಲೈಡರಿನ ಅಂಚಿಗೆ ಬಂತೇ ಎಂದು ನೋಡಿದರೆ ಸಾಕು.

ನಂಬುವ ಮುನ್ನ ಗೇಜನ್ನೇ ಪರೀಕ್ಷಿಸಿದೆ. ಮನುಷ್ಯರ ತೂಕ ನೋಡುವ ಡಿಜಿಟಲ್ ಯಂತ್ರದ ಮೇಲೆ ಒಂದು ಮರದ ತುಂಡಿಟ್ಟು, ಅದರ ಮೇಲೆ ಗೇಜನ್ನು ನೆಟ್ಟಗೆ ಒತ್ತಿ, ಉಂಗುರ ತೋರಿಸಿದ ಅಂಕಿಯನ್ನು ಯಂತ್ರದ ಅಂಕಿಯೊಂದಿಗೆ ಹೋಲಿಸಿದೆ. ನಮಗೆ ಬೇಕಾದ ನಡುವಣ ಭಾಗದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ ಆಗಿದ್ದವು, ಗೆರೆಗಳ ದಪ್ಪಕ್ಕಿಂತ ಹೆಚ್ಚಿನ ವ್ಯತ್ಯಾಸ ಕಾಣಲಿಲ್ಲ. ಮೊದಲ ಎರಡು ಕಿಲೋದ ಒಳಗೆ ಮಾತ್ರ ಅದು ಸ್ವಲ್ಪ ತಡವರಿಸುತ್ತದೆ, ಸ್ಪ್ರಿಂಗ್ ಕೊಳವೆಗೆ ಉಜ್ಜುವುದರಿಂದಿರಬೇಕು. ಅಷ್ಟು ಕಡಿಮೆ ಬಲ ನಮ್ಮ ಕೆಲಸಕ್ಕೆ ಬೇಕಾಗಿಲ್ಲ. ಓರೆಯಾಗಿ ಒತ್ತಿದರೆ ಅಂಕಿ ಬದಲಾಗುತ್ತದೆಂಬುದೂ ಆಗಲೇ ತಿಳಿಯಿತು. ಎರಡನೆಯ ಚಳಿಗಾಲದ ಆರಂಭದಲ್ಲಿ ಇದೇ ಪರೀಕ್ಷೆಯನ್ನು ಮತ್ತೆ ಮಾಡಿದೆ, ಸ್ಪ್ರಿಂಗ್ ಸೋತಿರಲಿಲ್ಲ.

ಸೋತದ್ದು ಉಂಗುರಗಳು. ಕೊರೆಯುವ ಚಳಿಯಲ್ಲಿ ರಬ್ಬರ್ ಗಡುಸಾಗಿ, ದಪ್ಪ ಕೈಗವಸಿನ ಬೆರಳಿಗೆ ಅವು ಸರಿಯುವುದೇ ಇಲ್ಲ. ಕೈಗವಸು ತೆಗೆದರೆ ಬೆರಳು ಮರಗಟ್ಟುತ್ತದೆ. ಒಳಗೆ ಬೆಚ್ಚಗಿರುವಾಗಲೇ ಕೆಳಗಿನ ಉಂಗುರವನ್ನು ಅಳತೆಗೆ ಸರಿಸಿಟ್ಟುಕೊಂಡು ಹೊರಡುವುದು ನಾನು ಕಂಡುಕೊಂಡ ಉಪಾಯ. ಮೇಲಿನ ಉಂಗುರ ಮೊದಲ ಋತುವಿನ ಕೊನೆಗೆ ಹಿಗ್ಗಿ, ತಾನು ನಿಲ್ಲಬೇಕಾದಲ್ಲಿ ನಿಲ್ಲದೆ ಜಾರತೊಡಗಿತ್ತು. ಅಳತೆಗೆ ಸರಿಯಾದ ಮಾಮೂಲಿ ಓ-ರಿಂಗ್ ಒಂದನ್ನು ಹಾಕಿದ ಮೇಲೆ ಸರಿಹೋಯಿತು, ಆದರೆ ತಯಾರಕರು ಪೆಟ್ಟಿಗೆಯಲ್ಲಿಯೇ ಎರಡು ಹೆಚ್ಚು ಉಂಗುರ ಇಟ್ಟಿದ್ದರೆ ಅವರ ಗಂಟೇನೂ ಕರಗುತ್ತಿರಲಿಲ್ಲ. ಗೆರೆಗಳು ಕೊರೆದವಲ್ಲ, ಬಣ್ಣದಲ್ಲಿ ಮುದ್ರಿಸಿದವು. ಕಿಲೋದ ಕಡೆಯ ಎರಡು ಗೆರೆ ಈಗಾಗಲೇ ಅರ್ಧ ಮಾಸಿವೆ. ನನಗೆ ಬೇಕಾದ ಎರಡು ಅಳತೆಗಳಲ್ಲಿ ಅರದಿಂದ ಸಣ್ಣದಾಗಿ ಗೀರು ಹಾಕಿಕೊಂಡಿದ್ದೇನೆ. ಕೊಳವೆಯೊಳಗೆ ಹಿಮ ಸೇರಿ ಹೆಪ್ಪುಗಟ್ಟಿದರೆ ಕಡ್ಡಿ ಅಂಟಿಕೊಂಡು ಅಂಕಿಯನ್ನು ಹೆಚ್ಚಾಗಿ ತೋರಿಸುತ್ತದೆ, ಆದ್ದರಿಂದ ಇಡುವ ಮುನ್ನ ಒಣಗಿಸಬೇಕು. ಇವೆಲ್ಲ ಸಣ್ಣ ಕಿರಿಕಿರಿಗಳು, ವಸ್ತುವನ್ನು ತಿರಸ್ಕರಿಸುವ ಕಾರಣಗಳಲ್ಲ.

ಗೇಜ್ ಹೇಳಲಾರದ ಮುಖ್ಯ ಸಂಗತಿ ಒಂದಿದೆ: ಟ್ರ್ಯಾಕ್ ನೇರವಾಗಿ ಓಡುತ್ತಿದೆಯೇ ಇಲ್ಲವೇ ಎಂಬುದು. ಬಿಗಿತ ಹೊಂದಿಸುವ ಬೋಲ್ಟುಗಳು ಹಿಂದಿನ ಆಕ್ಸಲಿನ ಎರಡೂ ಬದಿಯಲ್ಲಿವೆ. ಮೊದಲು ಆಕ್ಸಲಿನ ಬೋಲ್ಟನ್ನು ಸಡಿಲಿಸಿ, ಎರಡೂ ಬದಿಯ ಹೊಂದಿಕೆ ಬೋಲ್ಟುಗಳನ್ನು ಸಮನಾಗಿ, ಒಮ್ಮೆಗೆ ಕಾಲು ಸುತ್ತಿನಂತೆ ತಿರುಗಿಸುತ್ತಾ, ನಡುನಡುವೆ ಟ್ರ್ಯಾಕನ್ನು ಕೈಯಿಂದ ಒಂದೆರಡು ಸುತ್ತು ಉರುಳಿಸಿ, ಮತ್ತೆ ಅಳೆಯಬೇಕು. ಒಂದು ಬದಿ ಹೆಚ್ಚು, ಇನ್ನೊಂದು ಕಡಿಮೆಯಾದರೆ ಆಕ್ಸಲ್ ಓರೆಯಾಗಿ ಟ್ರ್ಯಾಕ್ ಸಡಿಲವಿದ್ದ ಬದಿಗೆ ಸರಿಯುತ್ತದೆ, ಕ್ಲಿಪ್ಪುಗಳು ಸ್ಲೈಡರಿನ ಪಕ್ಕವನ್ನು ಕೊರೆಯುತ್ತವೆ. ಇದನ್ನು ನೋಡಲು ಎಂಜಿನ್ ಚಾಲೂ ಮಾಡಿ, ಎತ್ತಿ ನಿಲ್ಲಿಸಿದ ಸ್ಥಿತಿಯಲ್ಲಿಯೇ ಟ್ರ್ಯಾಕನ್ನು ನಿಧಾನವಾಗಿ ತಿರುಗಿಸಿ, ಎಂಜಿನ್ ಆರಿಸಿ, ಅದು ತಾನಾಗಿ ನಿಂತ ಮೇಲೆ ಎರಡೂ ಬದಿಯಲ್ಲಿ ಕ್ಲಿಪ್ಪಿಗೂ ಸ್ಲೈಡರಿಗೂ ನಡುವೆ ಎಷ್ಟು ಸಂದಿದೆ ಎಂದು ಹೋಲಿಸಬೇಕು. ಟ್ರ್ಯಾಕ್ ಎಡಕ್ಕೆ ಸರಿದಿದ್ದರೆ ಎಡ ಬೋಲ್ಟನ್ನು, ಬಲಕ್ಕೆ ಸರಿದಿದ್ದರೆ ಬಲ ಬೋಲ್ಟನ್ನು ಬಿಗಿಯಬೇಕು. ಹೀಗೆ ತಿರುಗಿಸುವಾಗ ಹಿಂದುಗಡೆ ಯಾರೂ ನಿಲ್ಲಬಾರದು. ಟ್ರ್ಯಾಕಿನಿಂದ ಕಿತ್ತುಬಂದ ಮಂಜುಗಡ್ಡೆಯೋ ಮೊಳೆಯೋ ಗುಂಡಿನಂತೆ ಹಾರಬಲ್ಲದು. ಒಂದು ಬದಿಯನ್ನು ಬಿಗಿದ ಮೇಲೆ ಒಟ್ಟು ಬಿಗಿತವೂ ಬದಲಾಗಿರುವುದರಿಂದ ಗೇಜನ್ನು ಎರಡೂ ರೈಲುಗಳ ಪಕ್ಕದಲ್ಲಿ ಮತ್ತೊಮ್ಮೆ ಇಡಬೇಕು. ಗೇಜ್ ಇಲ್ಲದ ದಿನಗಳಲ್ಲಿ ನಾನು ಒಂದೇ ಬದಿಯನ್ನು ಎಳೆದು ನೋಡಿ ಎದ್ದುಬಿಡುತ್ತಿದ್ದೆ. ಈಗ ಎರಡೂ ಬದಿಯ ಅಂಕಿಯನ್ನು ಪುಸ್ತಕದಲ್ಲಿ ಬರೆದುಕೊಳ್ಳುವ ಅಭ್ಯಾಸವಾಗಿದೆ. ಕೊನೆಯಲ್ಲಿ ಆಕ್ಸಲಿನ ಬೋಲ್ಟನ್ನು ಕೈಪಿಡಿ ಹೇಳಿದ ಬಲಕ್ಕೆ ಟಾರ್ಕ್ ವ್ರೆಂಚಿನಿಂದ ಬಿಗಿಯದಿದ್ದರೆ ಮೇಲಿನ ಶ್ರಮವೆಲ್ಲ ನೀರಿನಲ್ಲಿ ಹೋಮ ಮಾಡಿದಂತೆಯೇ.

ಎರಡು ಗಾಡಿಗಳಲ್ಲಿ ಇದರ ಉಪಯೋಗ ಸಮನಾಗಿರಲಿಲ್ಲ ಎಂಬುದನ್ನೂ ಹೇಳಬೇಕು. 137 ಇಂಚಿನ ಗಾಡಿಯಲ್ಲಿ ಗೇಜ್ ನಿಲ್ಲಿಸುವ ಜಾಗ, ಅಂದರೆ ಮುಂದಿನ ಹಾಗೂ ಹಿಂದಿನ ಚಕ್ರಗಳ ನಡುವಣ ಸ್ಥಳ, ಸುಲಭವಾಗಿ ಕೈಗೆಟಕುತ್ತದೆ. ಮೂರು ಸಲ ಅಳೆದರೆ ಮೂರು ಸಲವೂ ಒಂದೇ ಅಂಕಿ ಬರುತ್ತದೆ. 154 ಇಂಚಿನದರಲ್ಲಿ ಟ್ರ್ಯಾಕ್ ತನ್ನ ತೂಕದಿಂದಲೇ ಗಣನೀಯವಾಗಿ ಜೋಲುತ್ತದೆ, ಹೊರಮೈಯ ಎತ್ತರದ ರಬ್ಬರ್ ಪಟ್ಟಿಗಳ ಭಾರವೂ ಅದಕ್ಕೆ ಕೂಡುತ್ತದೆ. ಗೇಜಿನ ತುದಿ ಗಡುಸಾದ ಅಡ್ಡಕಡ್ಡಿಯಿರುವ ಪಟ್ಟಿಯ ಮೇಲೆ ನಿಂತಿತೋ, ಎರಡು ಪಟ್ಟಿಗಳ ನಡುವಿನ ಮೆದು ರಬ್ಬರಿನ ಮೇಲೆ ನಿಂತಿತೋ ಎಂಬುದರ ಮೇಲೆ ಅಂಕಿ ಹೊಯ್ದಾಡುತ್ತದೆ. ಅಡ್ಡಕಡ್ಡಿಯ ಮೇಲೆಯೇ ನಿಲ್ಲಿಸಿ, ಟ್ರ್ಯಾಕನ್ನು ಉರುಳಿಸುತ್ತಾ ಮೂರು ಕಡೆ ಅಳೆದು ಸರಾಸರಿ ತೆಗೆದರೆ ತೃಪ್ತಿಕರ. ಬೆಟ್ಟದ ಗಾಡಿಗಳಲ್ಲಿ ಹೆಚ್ಚಿನವು, ಹಲ್ಲುಗಳು ಟ್ರ್ಯಾಕಿನ ಕಿಂಡಿಗಳನ್ನೂ ಹಿಡಿಯುವ, ಜಾರುವಿಕೆಯನ್ನು ತಡೆಯುವ ಬಗೆಯ ಡ್ರೈವ್ ಚಕ್ರಗಳೊಡನೆ ಬರುವುದರಿಂದ ಅಲ್ಲಿ ಸ್ವಲ್ಪ ಸಡಿಲ ನಡೆಯುತ್ತದೆ. ಗೇಜಿನ ಮಿಲಿಮೀಟರ್ ಲೆಕ್ಕದ ಸೂಕ್ಷ್ಮತೆ ಅಲ್ಲಿ ಅಷ್ಟಾಗಿ ಬೇಕಾಗುವುದೂ ಇಲ್ಲ. ಆ ಗಾಡಿ ಮಾತ್ರ ಇದ್ದಿದ್ದರೆ ನಾನು ಬಹುಶಃ ತೂಗುಹಾಕುವ ತೂಕದಲ್ಲಿಯೇ ತೃಪ್ತಿಪಡುತ್ತಿದ್ದೆ.

ಇದು ನಿಜವಾಗಿ ಕೈಹಿಡಿದದ್ದು ಎರಡು ಸಂದರ್ಭಗಳಲ್ಲಿ. ಮೊದಲನೆಯದು, ಹಾದಿಯ ಗಾಡಿಗೆ ಹೊಸ ಟ್ರ್ಯಾಕ್ ಹಾಕಿಸಿದಾಗ. ಹೊಸ ಟ್ರ್ಯಾಕ್ ಆರಂಭದ ಓಟದಲ್ಲಿ ಹಿಗ್ಗುವುದು ಸಹಜ. ಆಗ ಮೇಲಿಂದ ಮೇಲೆ ನೋಡಬೇಕು. ಪ್ರತಿ ಸಲವೂ ಅದೇ ಉಪಕರಣದಿಂದ ಅದೇ ಜಾಗದಲ್ಲಿ ಅಳೆದು ಬರೆದುಕೊಂಡದ್ದರಿಂದ, ಅಂಕಿ ಇಳಿಯುತ್ತಾ ಬಂದು ಒಂದು ಹಂತದಲ್ಲಿ ನಿಂತದ್ದನ್ನು ಪುಸ್ತಕದಲ್ಲಿಯೇ ಕಂಡೆ. ಎರಡನೆಯದು, ಮುಂದಿನ ಸ್ಕೀಗಳ ಮೇಲೆ ಹೆಚ್ಚು ಭಾರ ಬೀಳಲೆಂದು ಸಸ್ಪೆನ್ಷನ್ನಿನ ಮುಂಭಾಗ ಎಷ್ಟು ಕೆಳಗಿಳಿಯಬಹುದೆಂಬುದಕ್ಕೆ ಮಿತಿ ಹಾಕುವ ಲಿಮಿಟರ್ ಪಟ್ಟಿಯನ್ನು ಒಂದು ತೂತಿನಷ್ಟು ಗಿಡ್ಡ ಮಾಡಿದಾಗ. ಬೋಲ್ಟುಗಳನ್ನು ಮುಟ್ಟಿಯೇ ಇರಲಿಲ್ಲ, ಹಾಗಾಗಿ ಬಿಗಿತ ಬದಲಾಗುವುದೆಂದು ನನಗೆ ತೋಚಿರಲಿಲ್ಲ. ಆದರೆ ಸಸ್ಪೆನ್ಷನ್ ಕೂತ ಭಂಗಿ ಬದಲಾದರೆ ಟ್ರ್ಯಾಕ್ ಸುತ್ತಿಬರುವ ದಾರಿಯ ಉದ್ದವೂ ಬದಲಾಗುತ್ತದೆ. ಅಭ್ಯಾಸಬಲದಿಂದ ಗೇಜ್ ಇಟ್ಟೆ, ಅಂಕಿ ಹಿಂದಿನ ವಾರದ್ದಾಗಿರಲಿಲ್ಲ. ಕೈಯಿಂದ ಎಳೆದಿದ್ದರೆ ‘ಹಾಗೇ ಇದೆ’ ಎಂದುಬಿಡುತ್ತಿದ್ದೆನೆಂಬುದರಲ್ಲಿ ನನಗೆ ಅನುಮಾನವಿಲ್ಲ.

ಒಂದಕ್ಕಿಂತ ಹೆಚ್ಚು ಗಾಡಿಗಳನ್ನು ನೋಡಿಕೊಳ್ಳುವವರು, ಸಸ್ಪೆನ್ಷನ್ನನ್ನು ಆಗಾಗ ಬದಲಿಸಿ ನೋಡುವ ಹವ್ಯಾಸವುಳ್ಳವರು, ಗಟ್ಟಿ ಹಾದಿಯಲ್ಲಿ ದೂರ ಓಡುವವರು ಇದನ್ನು ಕೊಳ್ಳಲಿ. ಋತುವಿಗೆ ಒಮ್ಮೆ ಮಾತ್ರ ಟ್ರ್ಯಾಕ್ ನೋಡುವವರಿಗೆ ಇದರ ಅಗತ್ಯವಿಲ್ಲ. ಅವರು ಆ ಒಂದು ಸಲವಾದರೂ ಸರಿಯಾದ ತೂಕ ಕಟ್ಟಿ ನೋಡಿದರೆ ಸಾಕು. ಕೊಳ್ಳುವಾಗ, ಬಲದ ಗೆರೆಗಳು ನಿಮ್ಮ ಕೈಪಿಡಿ ಕೇಳುವ ಕಿಲೋವನ್ನು ದಾಟಿ ಮೇಲಕ್ಕೂ ಹೋಗುತ್ತವೆಯೇ ಎಂದು ಮೊದಲು ನೋಡಿ. ಹತ್ತು ಕಿಲೋ ಬಲ ಕೇಳುವ ಗಾಡಿಗೆ ಹತ್ತರಲ್ಲಿಯೇ ನಿಲ್ಲುವ ಗೇಜ್ ಇದ್ದರೆ, ಟ್ರ್ಯಾಕ್ ಎಷ್ಟು ಹೆಚ್ಚು ಬಿಗಿಯಾಗಿದೆ ಎಂಬುದು ಗೊತ್ತಾಗುವುದೇ ಇಲ್ಲ. ಗೆರೆಗಳು ಕೊರೆದವಾಗಿದ್ದರೆ ಇನ್ನೂ ಒಳ್ಳೆಯದು. ನನ್ನ ಗೆಳೆಯರು ಇದನ್ನು ನನ್ನಿಂದಲೇ ಎರವಲು ಒಯ್ದು ತಮ್ಮ ಗಾಡಿಯನ್ನು ಅಳೆದರು. ಅದೂ ಬೇಕಾದದ್ದಕ್ಕಿಂತ ಬಿಗಿಯಾಗಿಯೇ ಇತ್ತು. ಗೇಜನ್ನು ಮಾತ್ರ ಅವರು ಇನ್ನೂ ಹಿಂದಿರುಗಿಸಿಲ್ಲ.